ವಾದ್ಯದ ಬಿರುಕು, ಕುಶಲಕರ್ಮಿಯ ವಿವೇಕ



ಒಡೆದ ವಸ್ತುವೊಂದನ್ನು ಜೋಡಿಸಬೇಕಾಗಿ ಬಂದಾಗ ನಮಗೆಲ್ಲ ಮೊದಲು ಹೊಳೆಯುವ ಪ್ರಶ್ನೆ ಇದು: ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು? ಮತ್ತೆಂದೂ ಬಿಡದಂತೆ ಅಂಟಿಸಿಬಿಟ್ಟರೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಯೂರೋಪಿನ ತಂತಿವಾದ್ಯಗಳನ್ನು ದುರಸ್ತಿ ಮಾಡುವ ಕುಶಲಕರ್ಮಿಗಳು ತಲೆಮಾರುಗಳಿಂದ ಬೇರೆಯೇ ದಾರಿ ಹಿಡಿದಿದ್ದಾರೆ. ಅವರಿಗೆ ಬೇಕಾದದ್ದು, ಅಗತ್ಯ ಬಿದ್ದಾಗ ಬಿಡಿಸಬಹುದಾದ ಅಂಟು. ಬಿಡುವ ಅಂಟನ್ನು ಯಾರಾದರೂ ಬೇಕೆಂದೇ ಆರಿಸಿಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಇಂದು ನಾವು ಒಂದು ದೊಡ್ಡ ವಾದ್ಯದ ಒಳಹೊಕ್ಕು ನೋಡೋಣ. ಅದರ ಹೆಸರು ಡಬಲ್ ಬೇಸ್.

ಪಿಟೀಲನ್ನು ನೀವೆಲ್ಲ ನೋಡಿದ್ದೀರಿ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಚಿತ್ರವನ್ನಾದರೂ ನೋಡಿರುತ್ತೀರಿ. ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಕಟ್ಟಡ ಅದು. ಅಂಥ ಪಿಟೀಲು ಮನುಷ್ಯನಿಗಿಂತ ಎತ್ತರವಾಗಿ ಬೆಳೆದು ನಿಂತಿದೆ ಎಂದು ಕಲ್ಪಿಸಿಕೊಳ್ಳಿ. ಸ್ಥೂಲವಾಗಿ ಅದೇ ಡಬಲ್ ಬೇಸ್. ಎತ್ತರ ಸುಮಾರು 180 ಸೆಂಟಿಮೀಟರ್. ವಾದಕ ಅದರ ಪಕ್ಕದಲ್ಲಿ ನಿಂತು, ಇಲ್ಲವೇ ಎತ್ತರದ ಸ್ಟೂಲಿನ ಮೇಲೆ ಕುಳಿತು ನುಡಿಸುತ್ತಾನೆ. ಪಾಶ್ಚಾತ್ಯ ವಾದ್ಯಮೇಳದಲ್ಲಿ ಕಮಾನಿನಿಂದ ನುಡಿಸುವ ವಾದ್ಯಗಳ ಪೈಕಿ ಇದರದೇ ಅತ್ಯಂತ ಮಂದ್ರ ದನಿ. ಇದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಜಾಸ್ ಸಂಗೀತದಲ್ಲಿ ಕಮಾನನ್ನು ಬಿಟ್ಟು ಬೆರಳಿನಿಂದ ಮೀಟಿ ನುಡಿಸುವುದೇ ಹೆಚ್ಚು.

ಇದರ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಎದುರಿಗೆ ಕಾಣುವ ಮೇಲ್ಹಲಗೆ ಸ್ಪ್ರೂಸ್ ಮರದ್ದು. ಹಗುರವಾದ, ಆದರೆ ಉದ್ದಕ್ಕೆ ಬಹಳ ಬಿಗಿಯಾದ ಮರ ಇದು. ಹಿಂಬದಿಯ ಹಲಗೆ ಮತ್ತು ಪಕ್ಕದ ಬಾಗಿದ ಪಟ್ಟಿಗಳು ಸಾಮಾನ್ಯವಾಗಿ ಮೇಪಲ್ ಮರದವು. ಮೇಲ್ಹಲಗೆ ಕಮಾನಿನಂತೆ ಉಬ್ಬಿರುತ್ತದೆ. ಒಳ್ಳೆಯ ವಾದ್ಯದಲ್ಲಿ ಈ ಉಬ್ಬನ್ನು ದಪ್ಪ ಹಲಗೆಯಿಂದ ಕೆತ್ತಿಯೇ ತೆಗೆಯುತ್ತಾರೆ. ಕೆತ್ತಿದ ಮೇಲೆ ಉಳಿಯುವ ದಪ್ಪ ನಡುವಿನಲ್ಲಿ ಏಳೆಂಟು ಮಿಲಿಮೀಟರ್, ಅಂಚಿನ ಕಡೆಗೆ ಇನ್ನೂ ಕಡಿಮೆ. ಈ ತೆಳು ಹಲಗೆಯ ಮೇಲೆ ತಂತಿಗಳನ್ನು ಹೊತ್ತ ಕುದುರೆ ನಿಂತಿರುತ್ತದೆ. ಉಕ್ಕಿನ ನಾಲ್ಕು ತಂತಿಗಳ ಒಟ್ಟು ಎಳೆತ ನೂರು ಕಿಲೋಗ್ರಾಂ ತೂಕಕ್ಕೂ ಮಿಗಿಲು. ಅದರ ಒಂದು ಪಾಲು ಕುದುರೆಯ ಎರಡು ಕಾಲುಗಳ ಮೂಲಕ ಹಲಗೆಯನ್ನು ಹಗಲೂ ರಾತ್ರಿ ಒತ್ತುತ್ತಲೇ ಇರುತ್ತದೆ.

ಹಲಗೆ ಕುಸಿಯದಂತೆ ಒಳಗೆ ಎರಡು ಆಸರೆಗಳಿವೆ. ದಪ್ಪ ತಂತಿಯ ಕಡೆ ಹಲಗೆಯ ಒಳಮೈಗೆ ಉದ್ದವಾದ ಒಂದು ಪಟ್ಟಿಯನ್ನು ಅಂಟಿಸಿರುತ್ತಾರೆ. ಅದು ಬೇಸ್ ಬಾರ್. ತೆಳು ತಂತಿಯ ಕಡೆ, ಕುದುರೆಯ ಕಾಲಿನ ಹತ್ತಿರ, ಮೇಲ್ಹಲಗೆಗೂ ಹಿಂಬದಿಯ ಹಲಗೆಗೂ ನಡುವೆ ಒಂದು ದುಂಡನೆಯ ಗೂಟ ನಿಂತಿರುತ್ತದೆ. ಅದು ಸೌಂಡ್ ಪೋಸ್ಟ್. ಅದಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಎರಡು ಹಲಗೆಗಳ ಬಿಗಿತದಲ್ಲಿಯೇ ನಿಲ್ಲುತ್ತದೆ. ಇಟಲಿ ಮತ್ತು ಫ್ರಾನ್ಸಿನ ಭಾಷೆಗಳಲ್ಲಿ ಈ ಗೂಟವನ್ನು 'ಆತ್ಮ' ಎಂಬ ಅರ್ಥದ ಪದದಿಂದಲೇ ಕರೆಯುತ್ತಾರೆ. ಅದು ಬಿದ್ದುಹೋದರೆ ವಾದ್ಯದ ದನಿಯೂ ಬಿದ್ದುಹೋಗುತ್ತದೆ.

ಇನ್ನು ಬಿರುಕಿನ ವಿಚಾರ. ಜರ್ಮನಿಯ ಮಾರ್ಕ್‌ನೊಯ್‌ಕಿರ್ಶೆನ್, ಮಿಟೆನ್‌ವಾಲ್ಡ್, ಫ್ರಾನ್ಸಿನ ಮಿರ್‌ಕೂರ್ ಮೊದಲಾದ ಊರುಗಳಲ್ಲಿ ವಾದ್ಯ ತಯಾರಿಕೆ ತಲೆತಲಾಂತರದಿಂದ ಬಂದ ಕಸುಬು. 19ನೆಯ ಶತಮಾನದ ಕೊನೆಯಲ್ಲಿ ಅಂಥ ಒಂದು ಊರಿನಲ್ಲಿ ತಯಾರಾದ ಡಬಲ್ ಬೇಸ್ ಒಂದು ಯೂರೋಪಿನ ಯಾವುದೋ ನಗರದ ವಾದಕನ ಕೈಯಲ್ಲಿದೆ ಎಂದು ಇಟ್ಟುಕೊಳ್ಳಿ. ಚಳಿಗಾಲದ ಒಂದು ಬೆಳಿಗ್ಗೆ ಅದರ ಮೇಲ್ಹಲಗೆಯಲ್ಲಿ ನೀಳವಾದ ಬಿರುಕು ಕಾಣಿಸುತ್ತದೆ. ಯಾರೂ ಅದನ್ನು ಬೀಳಿಸಿಲ್ಲ, ಏನೂ ತಗುಲಿಲ್ಲ. ಹಾಗಾದರೆ ಅದು ಸೀಳಿದ್ದು ಹೇಗೆ?

ಇದಕ್ಕೆ ಉತ್ತರ ನಿಮ್ಮ ಮನೆಯ ಬಾಗಿಲಿನಲ್ಲಿಯೇ ಇದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ಮುಚ್ಚುತ್ತದೆ. ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ತೇವ ಕಳೆದುಕೊಂಡು ಕುಗ್ಗುತ್ತದೆ. ಕಡಿದು ನೂರು ವರ್ಷವಾದರೂ ಈ ಗುಣ ಹೋಗುವುದಿಲ್ಲ. ಆದರೆ ಗಮನಿಸಬೇಕಾದ ಅಂಶ ಒಂದಿದೆ. ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ನಾರಿನ ಉದ್ದಕ್ಕೆ ಅದರ ಕುಗ್ಗುವಿಕೆ ಇಲ್ಲವೆನ್ನುವಷ್ಟು ಅಲ್ಪ. ನಾರಿಗೆ ಅಡ್ಡಲಾಗಿ ಅದರ ಹತ್ತಾರು ಪಟ್ಟು ಹೆಚ್ಚು.

ಈಗ ಸಣ್ಣದೊಂದು ಲೆಕ್ಕ ಮಾಡೋಣ. 0 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಅದು ಸುಮಾರು 17 ಗ್ರಾಂ ಹಿಡಿದಿಡಬಲ್ಲದು. ಯೂರೋಪಿನ ಚಳಿಗಾಲದಲ್ಲಿ ಹೊರಗಿನ ಗಾಳಿ ಮನೆಯೊಳಗೆ ಬಂದು ಹೀಟರಿನಿಂದ ಬಿಸಿಯಾಗುತ್ತದೆ. ನೀರಾವಿ ಅಷ್ಟೇ ಉಳಿಯುತ್ತದೆ, ಗಾಳಿಯ ದಾಹ ಮಾತ್ರ ಹೆಚ್ಚುತ್ತದೆ. ಹೊರಗೆ ನೂರಕ್ಕೆ ನೂರು ಇದ್ದ ಸಾಪೇಕ್ಷ ಆರ್ದ್ರತೆ ಒಳಗೆ ಶೇಕಡ 30ರ ಆಸುಪಾಸಿಗೆ ಇಳಿಯುತ್ತದೆ. ಆ ಒಣ ಗಾಳಿ ಮರದೊಳಗಿನ ತೇವವನ್ನು ಎಳೆದುಕೊಳ್ಳುತ್ತದೆ. ಸ್ಪ್ರೂಸ್ ಹಲಗೆಯಲ್ಲಿ ತೇವದ ಪ್ರಮಾಣ ಶೇಕಡ 10ರಿಂದ 6ಕ್ಕೆ ಇಳಿಯಿತೆನ್ನಿ. ಡಬಲ್ ಬೇಸಿನ ಮೇಲ್ಹಲಗೆಯ ಕೆಳಭಾಗದ ಅಗಲ ಸುಮಾರು 66 ಸೆಂಟಿಮೀಟರ್. ಅಷ್ಟು ಅಗಲದ ಹಲಗೆ ಮೂರರಿಂದ ನಾಲ್ಕು ಮಿಲಿಮೀಟರಿನಷ್ಟು ಕುಗ್ಗಲು ಹವಣಿಸುತ್ತದೆ.

ಹವಣಿಸುತ್ತದೆ ಎಂದೆ, ಕುಗ್ಗುತ್ತದೆ ಎನ್ನಲಿಲ್ಲ. ಏಕೆಂದರೆ ಹಲಗೆಯ ಅಂಚು ಸುತ್ತಲೂ ಪಕ್ಕದ ಪಟ್ಟಿಗಳಿಗೆ ಅಂಟಿಕೊಂಡಿದೆ. ಆ ಪಟ್ಟಿಗಳ ನಾರು ಸಾಗುವುದು ಪಟ್ಟಿಯ ಉದ್ದಕ್ಕೆ, ಅಂದರೆ ವಾದ್ಯದ ಸುತ್ತಲೂ. ಉದ್ದಕ್ಕೆ ಮರ ಕುಗ್ಗುವುದಿಲ್ಲವಷ್ಟೇ? ಮೇಲ್ಹಲಗೆ ಕುಗ್ಗಬೇಕೆನ್ನುತ್ತದೆ, ಪಟ್ಟಿಗಳು ಬಿಡೆವೆನ್ನುತ್ತವೆ. ಈ ಹಗ್ಗಜಗ್ಗಾಟದಲ್ಲಿ ಯಾವುದಾದರೂ ಒಂದು ಸೋಲಲೇಬೇಕು. ಒಂದೋ ಅಂಚಿನ ಅಂಟು ಬಿಡಬೇಕು, ಇಲ್ಲವೇ ಹಲಗೆ ನಾರಿನ ಗುಂಟ ಸೀಳಬೇಕು.

ಹಳೆಯ ಕುಶಲಕರ್ಮಿಗಳ ವಿವೇಕ ಕಾಣುವುದು ಇಲ್ಲಿಯೇ. ಅಂಟು ಬಿಟ್ಟರೆ ಮತ್ತೆ ಹಚ್ಚಬಹುದು, ಅದು ಅರ್ಧ ದಿನದ ಕೆಲಸ. ಹಲಗೆ ಸೀಳಿದರೆ ಆ ಗಾಯ ಶಾಶ್ವತ. ಆದ್ದರಿಂದ ಸೋಲಬೇಕಾದದ್ದು ಅಂಟೇ ಎಂದು ಅವರು ಮೊದಲೇ ತೀರ್ಮಾನಿಸಿ, ಮೇಲ್ಹಲಗೆಯ ಅಂಚಿಗೆ ತೆಳುವಾಗಿಸಿದ ಅಂಟನ್ನೇ ಬಳಸಿದರು. ನಿಮ್ಮ ಮನೆಯ ವಿದ್ಯುತ್ ಫ್ಯೂಸನ್ನು ನೆನಪಿಸಿಕೊಳ್ಳಿ. ಫ್ಯೂಸಿನ ತಂತಿ ತಾನು ಸುಟ್ಟುಹೋಗಿ ಮನೆಯನ್ನು ಉಳಿಸುತ್ತದೆ. ವಾದ್ಯದ ಅಂಚಿನ ಅಂಟೂ ಅಂಥದೇ.

ಈ ಅಂಟು ಯಾವುದು? ಪ್ರಾಣಿಗಳ ಚರ್ಮವನ್ನು ಬೇಯಿಸಿ ತೆಗೆದದ್ದು. ಹಳೆಯ ಬಡಗಿಗಳು ಸರೇಸು ಎನ್ನುತ್ತಿದ್ದ ಜಾತಿಯ ಅಂಟು. ಒಣ ಹರಳುಗಳ ರೂಪದಲ್ಲಿ ಸಿಗುತ್ತದೆ. ಹರಳುಗಳನ್ನು ತಣ್ಣೀರಿನಲ್ಲಿ ನೆನೆಹಾಕಿ, ಅವು ಉಬ್ಬಿದ ಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಸುಮಾರು 60 ಡಿಗ್ರಿಗೆ ಕಾಯಿಸುತ್ತಾರೆ. ಕುದಿಸಿದರೆ ಅಂಟಿನ ಕಸುವೇ ಹೋಗುತ್ತದೆ. ನೀರು ಕಡಿಮೆ ಹಾಕಿದರೆ ಬಲವಾದ ಅಂಟು, ಹೆಚ್ಚು ಹಾಕಿದರೆ ಸೌಮ್ಯವಾದ ಅಂಟು. ಒಂದೇ ಪಾತ್ರೆಯಿಂದ ಬೇಕಾದ ಹದ ತೆಗೆಯಬಹುದು. ಬಲವಾದ ಹದದಲ್ಲಿ ಚೆನ್ನಾಗಿ ಕೂಡಿಸಿದ ಬೆಸುಗೆ ಸ್ಪ್ರೂಸ್ ಮರದಷ್ಟೇ ಗಟ್ಟಿಯಾಗಿರುತ್ತದೆ. ಹೀಗಾಗಿ ಇದು ದುರ್ಬಲ ಅಂಟು ಎಂದು ಭಾವಿಸಬೇಡಿ. ಇದರ ವಿಶೇಷ ಇರುವುದು ಬೇರೆ ಕಡೆ. ಎಷ್ಟೇ ವರ್ಷ ಕಳೆದರೂ ಬಿಸಿ ಮತ್ತು ನೀರು ತಾಗಿದರೆ ಅದು ಮತ್ತೆ ಕರಗುತ್ತದೆ. ಒಣಗಿದಾಗ ಗಾಜಿನಂತೆ ಪೆಡಸಾಗಿರುವುದರಿಂದ ತೆಳುವಾದ ಅಲಗನ್ನು ಹಾಯಿಸಿದರೆ ಚಟಚಟನೆ ಬಿಟ್ಟುಕೊಡುತ್ತದೆ.

ಈಗ ದುರಸ್ತಿಗಾರನ ಮೇಜಿನ ಬಳಿಗೆ ಹೋಗೋಣ. ಬಿರುಕು ಬಿಟ್ಟ ಬೇಸ್ ಅವನ ಮುಂದೆ ಮಲಗಿದೆ. ಅವನು ಮೊದಲು ಮಾಡುವುದು ಅಂಟಿಸುವ ಕೆಲಸವಲ್ಲ, ನೋಡುವ ಕೆಲಸ. 'ಎಫ್' ಅಕ್ಷರದ ಆಕಾರದ ರಂಧ್ರದ ಮೂಲಕ ಸಣ್ಣ ದೀಪವನ್ನೂ ಕನ್ನಡಿಯನ್ನೂ ಇಳಿಸಿ ಒಳಮೈ ಪರೀಕ್ಷಿಸುತ್ತಾನೆ. ಬೆರಳಗಂಟಿನಿಂದ ಅಂಚಿನುದ್ದಕ್ಕೂ ತಟ್ಟುತ್ತ ಹೋಗುತ್ತಾನೆ; ಅಂಟು ಬಿಟ್ಟ ಕಡೆ ಸದ್ದು ಬೇರೆಯಾಗುತ್ತದೆ. ನಮ್ಮ ಹಿರಿಯರು ಹೊಸ ಮಡಕೆಯನ್ನು ತಟ್ಟಿ ನೋಡುವ ಹಾಗೆ.

ಬಿರುಕು ಎಲ್ಲಿದೆ ಎಂಬುದೇ ಅದರ ಕಾರಣವನ್ನು ಬಹುಮಟ್ಟಿಗೆ ಹೇಳುತ್ತದೆ. ಹೆಗಲಿನ ಕಡೆಯ ಅಂಚಿನಲ್ಲಿದ್ದರೆ ಬಾಗಿಲಿಗೋ ಮೆಟ್ಟಿಲಿಗೋ ತಗುಲಿರಬಹುದು. ಸೌಂಡ್ ಪೋಸ್ಟಿನ ನೇರಕ್ಕಿದ್ದರೆ ಗೂಟ ಅತಿ ಬಿಗಿಯಾಗಿರಬಹುದು, ಅಥವಾ ವಾದ್ಯಕ್ಕೆ ಪೆಟ್ಟು ಬಿದ್ದಿರಬಹುದು. ವಾದ್ಯದ ಬುಡದ ಅಂಚಿನಿಂದ ಮೇಲಕ್ಕೆ ಹೊರಟ ಬಿರುಕಿನದು ಇನ್ನೊಂದು ಕಥೆ. ಆ ಜಾಗದಲ್ಲಿ ಎಬೊನಿ ಎಂಬ ಕರಿಮರದ ಪುಟ್ಟ ತುಂಡೊಂದನ್ನು ಮೇಲ್ಹಲಗೆಯ ಕಚ್ಚಿನಲ್ಲಿ ಅಡ್ಡಲಾಗಿ ಕೂರಿಸಿರುತ್ತಾರೆ. ಅದಕ್ಕೆ ಸ್ಯಾಡಲ್ ಎಂದು ಹೆಸರು. ಅದರ ನಾರು ಅಡ್ಡಕ್ಕಿರುವುದರಿಂದ ಅದು ಕುಗ್ಗುವುದಿಲ್ಲ. ಸುತ್ತಲಿನ ಸ್ಪ್ರೂಸ್ ಕುಗ್ಗಿದಾಗ ಈ ಗಟ್ಟಿ ತುಂಡು ಸೀಳುಗೂಟದಂತೆ ವರ್ತಿಸಿ ಹಲಗೆಯನ್ನು ಸೀಳುತ್ತದೆ. ಇಲ್ಲಿ ಬಿರುಕನ್ನು ಎಷ್ಟು ಚೆನ್ನಾಗಿ ಅಂಟಿಸಿದರೂ ಸಾಲದು. ಸ್ಯಾಡಲಿನ ಎರಡೂ ತುದಿಗಳಲ್ಲಿ ಕೂದಲೆಳೆಯಷ್ಟು ಜಾಗ ಬಿಡದಿದ್ದರೆ ಮುಂದಿನ ಚಳಿಗಾಲಕ್ಕೆ ಅದೇ ಬಿರುಕು ಮತ್ತೆ ಬಾಯಿ ತೆರೆಯುತ್ತದೆ.

ಕಾರಣ ತಿಳಿಯಿತು. ಇನ್ನೊಂದು ಪ್ರಶ್ನೆ ಉಳಿದಿದೆ: ಹಲಗೆಯನ್ನು ಕಳಚಬೇಕೇ, ಬೇಡವೇ? ಬಿರುಕು ಹೊಸದಾಗಿ, ಚೊಕ್ಕಟವಾಗಿ, ಚಿಕ್ಕದಾಗಿದ್ದರೆ ಹೊರಗಿನಿಂದಲೇ ಅಂಟು ಇಳಿಸಿ ಕೂಡಿಸಬಹುದು. ಹಲಗೆಯನ್ನು ತೆಗೆಯುವುದರಲ್ಲಿಯೂ ಅಪಾಯವಿದೆ; ತೆಗೆಯುವಾಗಲೇ ಅಂಚು ಮುರಿಯಬಹುದು. ಆದ್ದರಿಂದ ಒಳ್ಳೆಯ ದುರಸ್ತಿಗಾರ ಅಗತ್ಯಕ್ಕಿಂತ ಹೆಚ್ಚು ಬಿಚ್ಚುವುದಿಲ್ಲ. ಸೌಂಡ್ ಪೋಸ್ಟಿನ ಬಳಿಯ ಬಿರುಕು, ಬೇಸ್ ಬಾರಿನ ಬಳಿಯ ಬಿರುಕು, ಅಥವಾ ಹಿಂದೆ ಯಾರೋ ಕೆಟ್ಟದಾಗಿ ಅಂಟಿಸಿದ ಬಿರುಕು ಇದ್ದರೆ ಮಾತ್ರ ತೆರೆಯದೆ ಗತಿಯಿಲ್ಲ.

ನಮ್ಮ ಬೇಸಿನಲ್ಲಿ ತೆರೆಯಬೇಕಾಗಿ ಬಂದಿದೆ ಎನ್ನೋಣ. ತಂತಿಗಳನ್ನು ನಿಧಾನವಾಗಿ ಸಡಿಲಿಸಿ ಕುದುರೆಯನ್ನು ತೆಗೆಯುತ್ತಾರೆ. ಅಂಚಿನ ಅಂಟು ಆಗಲೇ ಬಿಟ್ಟಿರುವ ಜಾಗವನ್ನು ಹುಡುಕಿ, ಅಲ್ಲಿಂದ ಮೊಂಡಾದ ತೆಳು ಅಲಗನ್ನು ಒಳಗೆ ಸೇರಿಸುತ್ತಾರೆ. ಹರಿತವಾದ ಅಲಗಾದರೆ ಅಂಟನ್ನು ಬಿಟ್ಟು ಮರವನ್ನೇ ಕಡಿದೀತು. ಬಿಡದ ಕಡೆ ಒಂದು ತೊಟ್ಟು ಸ್ಪಿರಿಟ್ ಹಾಕುತ್ತಾರೆ. ಅದು ಅಂಟಿನ ತೇವವನ್ನು ಹೀರಿ ಅದನ್ನು ಇನ್ನಷ್ಟು ಪೆಡಸು ಮಾಡುತ್ತದೆ. ಕೈಗಿಂತ ಕಿವಿಗೆ ಇಲ್ಲಿ ಹೆಚ್ಚು ಕೆಲಸ. ಅಂಟು ಬಿಡುವಾಗಿನ ಸದ್ದು ಒಂದು ಬಗೆ, ಮರ ಹರಿಯುವಾಗಿನ ಸದ್ದು ಇನ್ನೊಂದು ಬಗೆ. ಎರಡನೆಯ ಸದ್ದು ಕೇಳಿದ ಕೂಡಲೇ ಕೈ ನಿಲ್ಲಬೇಕು.

ಮೂಲ ಕುಶಲಕರ್ಮಿ ನೂರು ವರ್ಷಗಳ ಹಿಂದೆ ಸೌಮ್ಯವಾದ ಅಂಟು ಹಚ್ಚಿದ್ದರ ಫಲ ಈಗ ಸಿಗುತ್ತದೆ. ಹಲಗೆ ಇಡಿಯಾಗಿ ಮೇಲೇಳುತ್ತದೆ. ತನ್ನ ಕೆಲಸವನ್ನು ಒಂದು ದಿನ ಯಾರೋ ತೆರೆಯಬೇಕಾಗುತ್ತದೆ ಎಂದು ಅವನು ಊಹಿಸಿದ್ದ. ಆ 'ಯಾರೋ' ಅವನು ಸತ್ತ ಮೇಲೆ ಹುಟ್ಟಿದವನು ಎಂಬುದು ಅವನಿಗೆ ಅಡ್ಡಿಯಾಗಲಿಲ್ಲ.

ಒಳಗೆ ಏನೇನು ಕಾಣಬಹುದು? ಹಿಂದಿನ ದುರಸ್ತಿಗಳ ಗುರುತುಗಳು. ಹಲವು ವಾದ್ಯಗಳಲ್ಲಿ ಹಳೆಯ ದುರಸ್ತಿಗಾರರು ಸೀಸದ ಕಡ್ಡಿಯಿಂದ ತಮ್ಮ ಹೆಸರು, ಊರು, ಇಸವಿ ಬರೆದಿರುವುದುಂಟು. ಕೆಲವೊಮ್ಮೆ ಬೇಸರ ತರಿಸುವ ದೃಶ್ಯವೂ ಕಾಣುತ್ತದೆ. ಅವಸರದಲ್ಲಿ ಯಾರೋ ಬಿರುಕಿಗೆ ಇಂದಿನ ಎಪಾಕ್ಸಿಯನ್ನೋ ಪ್ಲಾಸ್ಟಿಕ್ ಜಾತಿಯ ಅಂಟನ್ನೋ ಸುರಿದಿರುತ್ತಾರೆ. ಅದು ನಾರಿನೊಳಗೆ ಇಳಿದು ಕುಳಿತರೆ ನೀರಿಗೆ ಕರಗುವುದಿಲ್ಲ, ಅದರ ಮೇಲೆ ಬೇರೆ ಅಂಟು ಹಿಡಿಯುವುದೂ ಇಲ್ಲ. ಆಗ ಬಿರುಕಿನ ಎರಡೂ ಮಗ್ಗುಲಿನ ಮೂಲ ಮರವನ್ನೇ ಕೆತ್ತಿ ತೆಗೆದು ಹೊಸ ಮರ ತುಂಬಬೇಕಾಗುತ್ತದೆ. ಐದು ನಿಮಿಷದ ಅವಸರ ಮುಂದಿನವನಿಗೆ ಐದು ವಾರದ ಕೆಲಸ ಕೊಡುತ್ತದೆ. ಅಂಚಿಗೇ ಅಂಥ ಅಂಟು ಹಾಕಿದ್ದರೆ ಇನ್ನೂ ಕಷ್ಟ. ಬಿಡಬೇಕಾದ ಅಂಟು ಬಿಡದೆ ಹಲಗೆ ಹೊಸ ಹೊಸ ಕಡೆ ಸೀಳುತ್ತ ಹೋಗುತ್ತದೆ.

ಮುಂದಿನ ಹಂತ ಶುಚಿ ಮಾಡುವುದು. ಬಿರುಕಿನೊಳಗೆ ಧೂಳು, ರಾಳದ ಪುಡಿ, ಬೆವರು, ಹಳೆಯ ಅಂಟು ಸೇರಿಕೊಂಡಿರುತ್ತವೆ. ಬೆಚ್ಚನೆಯ ನೀರು ಮತ್ತು ಮೃದುವಾದ ಕುಂಚದಿಂದ ಮತ್ತೆ ಮತ್ತೆ ತೊಳೆದು, ಒರೆಸಿ, ಒಣಗಿಸುತ್ತಾರೆ. ಆಮೇಲೆ ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡುತ್ತಾರೆ. ಎರಡು ಅಂಚುಗಳು ಒಂದೇ ಮಟ್ಟದಲ್ಲಿ ಬರುತ್ತವೆಯೇ? ಬೆರಳಿನ ಒತ್ತಡಕ್ಕೆ ಬಿರುಕು ಮುಚ್ಚುತ್ತದೆಯೇ? ಮುಚ್ಚದಿದ್ದರೆ ಕ್ಲ್ಯಾಂಪ್ ಹಾಕಿ ಬಲವಂತವಾಗಿ ಮುಚ್ಚಿಸಬಾರದು. ವರ್ಷಗಳಿಂದ ಕುಗ್ಗಿದ ಮರವನ್ನು ಹಿಂಡಿ ಕೂಡಿಸಿದರೆ ಆ ಸೆಳೆತ ಪಕ್ಕದಲ್ಲಿ ಇನ್ನೊಂದು ಬಿರುಕಾಗಿ ಹೊರಬರುತ್ತದೆ. ಅಂಥ ಕಡೆ ಹಳೆಯ ಸ್ಪ್ರೂಸಿನ ತೆಳುವಾದ ಸೀಳೊಂದನ್ನು, ನಾರಿಗೆ ನಾರು ಹೊಂದುವಂತೆ ಆರಿಸಿ, ಆ ಸಂದಿಗೆ ಕೂರಿಸುತ್ತಾರೆ.

ಅಂಟಿಸುವ ಕೆಲಸ ಮಾತ್ರ ಬಲು ಬೇಗ ಆಗಬೇಕು. ಚರ್ಮದ ಅಂಟು ತಣಿದರೆ ಲೋಳೆಯಾಗಿ ಬಿಗಿಯುತ್ತದೆ. ಆದ್ದರಿಂದ ಎಲ್ಲ ಸಲಕರಣೆಗಳನ್ನು ಮೊದಲೇ ಸಾಲಾಗಿ ಇಟ್ಟುಕೊಂಡು, ಮರವನ್ನು ತುಸು ಬೆಚ್ಚಗೆ ಮಾಡಿ, ಬಲವಾದ ಹದದ ಬಿಸಿ ಅಂಟನ್ನು ಬಿರುಕಿನುದ್ದಕ್ಕೂ ಸವರುತ್ತಾರೆ. ಹಲಗೆಯನ್ನು ಮೆಲ್ಲಗೆ ಮೇಲೆ ಕೆಳಗೆ ಅಲುಗಿಸಿದರೆ ಬಿರುಕು ತೆರೆದು ಮುಚ್ಚುತ್ತ ಅಂಟನ್ನು ತಾನೇ ಒಳಗೆ ಹೀರಿಕೊಳ್ಳುತ್ತದೆ. ಹೊರಗೆ ಉಕ್ಕಿದ್ದನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಕ್ಲ್ಯಾಂಪುಗಳನ್ನು ಹಾಕಿ, ಕನಿಷ್ಠ ಒಂದು ದಿನ ಮುಟ್ಟದೆ ಬಿಡುತ್ತಾರೆ.

ಕೂಡಿದ ಬಿರುಕಿಗೆ ಒಳಗಿನಿಂದ ಆಸರೆ ಬೇಕು. ಸ್ಪ್ರೂಸಿನ ಪುಟ್ಟ ಪುಟ್ಟ ತುಂಡುಗಳನ್ನು, ನಾರು ಬಿರುಕಿಗೆ ಅಡ್ಡವಾಗಿ ಅಥವಾ ತುಸು ಓರೆಯಾಗಿ ಬರುವಂತೆ, ಅಲ್ಲಲ್ಲಿ ಒಳಮೈಗೆ ಅಂಟಿಸುತ್ತಾರೆ. ಇವಕ್ಕೆ ಕ್ಲೀಟ್ ಎಂದು ಹೆಸರು. ನಾರು ಅಡ್ಡ ಇರಬೇಕೋ ಓರೆ ಇರಬೇಕೋ ಎಂಬುದರಲ್ಲಿ ಕುಶಲಕರ್ಮಿಗಳಲ್ಲೇ ಒಮ್ಮತವಿಲ್ಲ. ಆದರೆ ಒಂದು ಮಾತನ್ನು ಎಲ್ಲರೂ ಒಪ್ಪುತ್ತಾರೆ. ತುಂಡುಗಳು ಸಣ್ಣವಾಗಿರಬೇಕು, ತೆಳುವಾಗಿರಬೇಕು, ಅಂಚುಗಳು ಸವೆದಂತೆ ಇಳಿಜಾರಾಗಿರಬೇಕು. ಗಟ್ಟಿಯಾಗಲೆಂದು ದಪ್ಪ ತುಂಡುಗಳನ್ನು ಒತ್ತಾಗಿ ಅಂಟಿಸಿದರೆ ಏನಾಗುತ್ತದೆ? ಹಲಗೆ ಕುಗ್ಗುವಾಗ ಆ ತುಂಡುಗಳು ಅದನ್ನು ತಡೆಯುತ್ತವೆ, ಮತ್ತು ತುಂಡಿನ ಅಂಚಿನಲ್ಲಿಯೇ ಹೊಸ ಬಿರುಕು ಹುಟ್ಟುತ್ತದೆ. ಪಕ್ಕದ ಪಟ್ಟಿಗಳು ಮಾಡಿದ ತಪ್ಪನ್ನೇ ಚಿಕ್ಕ ಪ್ರಮಾಣದಲ್ಲಿ ಮತ್ತೆ ಮಾಡಿದಂತಾಗುತ್ತದೆ.

ಸೌಂಡ್ ಪೋಸ್ಟಿನ ನೇರಕ್ಕೆ ಬಿರುಕು ಬಿದ್ದಿದ್ದರೆ ಕ್ಲೀಟುಗಳು ಸಾಲವು. ಅಲ್ಲಿ ಒತ್ತಡ ಎಡೆಬಿಡದೆ ಇರುತ್ತದೆ. ಹಲಗೆಯ ಉಬ್ಬು ಕೆಡದಂತೆ ಹೊರಮೈಗೆ ಪ್ಲಾಸ್ಟರಿನ ಅಚ್ಚು ತೆಗೆದು, ಹಲಗೆಯನ್ನು ಆ ಅಚ್ಚಿನಲ್ಲಿ ಬೋರಲು ಮಲಗಿಸುತ್ತಾರೆ. ಒಳಗಿನಿಂದ ತಟ್ಟೆಯಾಕಾರದ ಆಳವಿಲ್ಲದ ಗುಳಿ ಕೆತ್ತುತ್ತಾರೆ. ಆ ಗುಳಿಗೆ ಸರಿಯಾಗಿ ಹೊಂದುವ ಹೊಸ ಸ್ಪ್ರೂಸಿನ ತೇಪೆಯನ್ನು ತಯಾರಿಸಬೇಕು. ಹೊಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಗುಳಿಗೆ ಸೀಮೆಸುಣ್ಣ ಸವರಿ ತೇಪೆಯನ್ನು ಒತ್ತಿ ತೆಗೆಯುತ್ತಾರೆ. ತೇಪೆಯ ಮೇಲೆ ಸುಣ್ಣ ಹತ್ತಿದ ಕಡೆ ಉಬ್ಬಿದೆ ಎಂದರ್ಥ. ಅಲ್ಲಿ ಚೂರು ಹೆರೆದು ಮತ್ತೆ ಒತ್ತಿ ನೋಡುತ್ತಾರೆ. ಮೈತುಂಬ ಒಂದೇ ಸಮನೆ ಸುಣ್ಣ ಹತ್ತುವ ತನಕ, ಹತ್ತಾರು ಸಲ, ಈ ಕೆಲಸ ನಡೆಯುತ್ತದೆ. ನಿಮ್ಮ ಕಪ್ಪುಹಲಗೆಯ ಸೀಮೆಸುಣ್ಣ ಇಲ್ಲಿ ಕಾಗದದ ಎಳೆಗಿಂತ ಸಣ್ಣ ಸಂದಿಯನ್ನೂ ಪತ್ತೆ ಮಾಡುವ ಉಪಕರಣವಾಗುತ್ತದೆ.

ಕೊನೆಗೆ ಹಲಗೆಯನ್ನು ಮತ್ತೆ ಮುಚ್ಚುವ ಹೊತ್ತು. ಸುತ್ತಲೂ ಹತ್ತಾರು ಕ್ಲ್ಯಾಂಪುಗಳು. ಬಿರುಕಿಗೆ ಬಲವಾದ ಅಂಟು ಹಚ್ಚಿದ ಅದೇ ಕೈ ಈಗ ಅಂಚಿಗೆ ನೀರು ಬೆರೆಸಿದ ಅಂಟು ಹಚ್ಚುತ್ತದೆ. ಹೊರಗಿನ ಬಣ್ಣವನ್ನೂ ಬಿರುಕಿನ ಗೆರೆಯ ಮಟ್ಟಿಗಷ್ಟೇ ಸರಿಮಾಡುತ್ತಾರೆ. ಇಡೀ ವಾದ್ಯಕ್ಕೆ ಹೊಸ ವಾರ್ನಿಷ್ ಬಳಿಯುವುದಿಲ್ಲ. ತಂತಿಗಳನ್ನು ಒಂದೇ ಬಾರಿಗೆ ಬಿಗಿಯದೆ ಸ್ವಲ್ಪ ಸ್ವಲ್ಪವಾಗಿ ಶ್ರುತಿಗೆ ತರುತ್ತಾರೆ.

ಇಷ್ಟೆಲ್ಲ ಸಾಹಸ ಬೇಕೇ ಎಂದು ನಿಮಗೆ ಅನ್ನಿಸಿರಬಹುದು. ನ್ಯಾಯವಾದ ಪ್ರಶ್ನೆ. ವಾದಕನಿಗೆ ವಾದ್ಯ ಅನ್ನದ ದಾರಿ. ಶನಿವಾರ ಕಛೇರಿ ಇದ್ದರೆ ಐದು ವಾರ ಕಾಯುವುದು ಅವನಿಗೆ ಸುಲಭವಲ್ಲ. ಕೆಲವು ವಾದ್ಯಗಳಿಗೆ ದುರಸ್ತಿಯ ಖರ್ಚು ಅದರ ಬೆಲೆಗಿಂತ ಹೆಚ್ಚಾಗುವುದೂ ಉಂಟು. ಪ್ಲೈವುಡ್ಡಿನಿಂದ ಮಾಡಿದ ಅಗ್ಗದ ಬೇಸ್‌ಗಳಿವೆ. ಪದರಗಳನ್ನು ಅಡ್ಡಡ್ಡ ಅಂಟಿಸಿದ ಅಂಥ ಹಲಗೆ ಹೀಗೆ ಕುಗ್ಗಿ ಸೀಳುವುದಿಲ್ಲ. ಅದರ ಪೆಟ್ಟಿಗೆ ಗಟ್ಟಿ ಅಂಟು ಹಾಕಿದರೆ ಆಕ್ಷೇಪಿಸುವವರು ಕಡಿಮೆ. ಯಾವ ವಸ್ತುವಿಗೆ ಎಷ್ಟು ಶ್ರಮ ಎಂಬ ತೂಗುವಿಕೆಯೂ ಕುಶಲಕರ್ಮಿಯ ವಿವೇಕದ ಭಾಗವೇ. ಆದರೆ ಕೆತ್ತಿದ ಹಳೆಯ ಹಲಗೆಯ ಮಾತು ಬೇರೆ. ಅದರಲ್ಲಿ ಇರುವುದು ಒಂದು ವಾದ್ಯದ ದನಿ ಮಾತ್ರವಲ್ಲ ಎಂಬುದಕ್ಕೆ ನಿಜವಾದ ಒಂದು ನಿದರ್ಶನ ಕೊಡುತ್ತೇನೆ.

ಸೆರ್ಗೆ ಕೂಸೆವಿಟ್ಸ್‌ಕಿ ಎಂಬವರು ರಷ್ಯದಲ್ಲಿ ಹುಟ್ಟಿದ ಪ್ರಸಿದ್ಧ ಡಬಲ್ ಬೇಸ್ ವಾದಕರು. ಮುಂದೆ 1924ರಿಂದ 1949ರವರೆಗೆ ಅಮೆರಿಕದ ಬಾಸ್ಟನ್ ಸಿಂಫನಿ ವಾದ್ಯವೃಂದದ ನಿರ್ದೇಶಕರಾಗಿದ್ದರು. ಅವರ ಬಳಿ ಒಂದು ಹಳೆಯ ಬೇಸ್ ಇತ್ತು. ಅವರ ನಿಧನಾನಂತರ, 1962ರಲ್ಲಿ, ಅವರ ಪತ್ನಿ ಅದನ್ನು ಗ್ಯಾರಿ ಕಾರ್ ಎಂಬ ತರುಣ ವಾದಕರಿಗೆ ಕೊಟ್ಟರು. ಇಟಲಿಯ ಅಮಾಟಿ ಮನೆತನದವರು 1611ರಲ್ಲಿ ಮಾಡಿದ ವಾದ್ಯ ಅದೆಂದು ಎಲ್ಲರೂ ನಂಬಿದ್ದರು. ಆಮೇಲೆ ವಿಜ್ಞಾನಿಗಳು ಅದರ ಮೇಲ್ಹಲಗೆಯ ವಾರ್ಷಿಕ ವಲಯಗಳನ್ನು ಅಳೆದರು. ಮರ ಪ್ರತಿ ವರ್ಷ ಒಂದು ವಲಯ ಬೆಳೆಯುತ್ತದೆ, ಆಯಾ ವರ್ಷದ ಹವೆಗೆ ತಕ್ಕಂತೆ ಅದು ಅಗಲವೋ ಕಿರಿದೋ ಆಗುತ್ತದೆ ಎಂಬುದು ನಿಮಗೆ ಗೊತ್ತು. ಆಲ್ಪ್ಸ್ ಪರ್ವತದ ಸ್ಪ್ರೂಸ್ ಮರಗಳ ವಲಯಗಳ ದಾಖಲೆಯೊಂದಿಗೆ ಹೋಲಿಸಿದಾಗ ಆ ಹಲಗೆಯಲ್ಲಿ 1445ರಿಂದ 1761ರವರೆಗಿನ 317 ವಲಯಗಳು ಸಿಕ್ಕವು. ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು. 1761ರಲ್ಲಿ ಇನ್ನೂ ಬೆಳೆಯುತ್ತಿದ್ದ ಮರದಿಂದ 1611ರಲ್ಲಿ ವಾದ್ಯ ಮಾಡುವುದು ಸಾಧ್ಯವಿಲ್ಲವಷ್ಟೇ! ಅಮಾಟಿಯ ಹೆಸರು ಬಿದ್ದುಹೋಯಿತು. ಆದರೆ ಮೂರು ಶತಮಾನಗಳ ಮಳೆ-ಚಳಿಯ ಲೆಕ್ಕವೊಂದು ಆ ಹಲಗೆಯಲ್ಲಿ ಬರೆದಿಟ್ಟಂತೆ ಉಳಿದಿರುವುದು ಎಲ್ಲರಿಗೂ ತಿಳಿಯಿತು.

ಈ ಅಧ್ಯಯನ ಸಾಧ್ಯವಾದದ್ದು ಮೂಲ ಹಲಗೆ ಉಳಿದಿದ್ದರಿಂದ. ಹಿಂದಿನ ಕಾಲದ ದುರಸ್ತಿಗಾರರಿಗೆ ವಲಯಗಳ ಈ ವಿಜ್ಞಾನ ಗೊತ್ತಿರಲಿಲ್ಲ. ಆದರೂ ಮೂಲ ಮರವನ್ನು ಆದಷ್ಟು ಮುಟ್ಟಬಾರದು, ಮುಂದಿನವರಿಗೆ ದಾರಿ ಬಿಡಬೇಕು ಎಂಬ ಕಸುಬಿನ ನಿಯಮ ಗೊತ್ತಿತ್ತು. ಮುಂದಿನವರು ಏನನ್ನು ಹುಡುಕಿಕೊಂಡು ಬರುತ್ತಾರೆಂದು ನಮಗೆ ಇಂದು ತಿಳಿಯದು. ತಿಳಿಯದೆ ಇರುವುದರಿಂದಲೇ ಹಾದಿಯನ್ನು ತೆರೆದಿಡಬೇಕು.

ಈ ವಿವೇಕ ಯೂರೋಪಿಗಷ್ಟೇ ಸೇರಿದ್ದಲ್ಲ. ನಮ್ಮ ಮೈಸೂರು ವೀಣೆಯ 24 ಮೆಟ್ಟಿಲುಗಳನ್ನು ಮರಕ್ಕೆ ಮೊಳೆ ಹೊಡೆದು ಕೂರಿಸುವುದಿಲ್ಲ. ಕಪ್ಪು ಬೆರೆಸಿದ ಮೇಣದ ಹಾಸಿನ ಮೇಲೆ ಒತ್ತಿ ಕೂರಿಸುತ್ತಾರೆ. ವರ್ಷಗಳು ಕಳೆದಂತೆ ಮೇಣ ಸವೆದು, ಮೆಟ್ಟಿಲುಗಳು ಸರಿದು ಶ್ರುತಿ ಕೆಡುತ್ತದೆ. ಆಗ ವೀಣೆ ಮಾಡುವವರು ಮೇಣವನ್ನು ತೆಗೆದು, ಕಾಯಿಸಿ, ಮೆಟ್ಟಿಲುಗಳನ್ನು ಮತ್ತೆ ಶ್ರುತಿಗೆ ಸರಿಯಾಗಿ ಕೂರಿಸುತ್ತಾರೆ. ಮೇಣ ಮೆತ್ತಗಿರುವುದರಿಂದಲೇ ವೀಣೆ ತಲೆಮಾರುಗಳ ಕಾಲ ಬಾಳುತ್ತದೆ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಜ್ಜನ ಪಿಟೀಲೋ ಅಜ್ಜಿಯ ವೀಣೆಯೋ ಇರಬಹುದು. ಅದರಲ್ಲಿ ಬಿರುಕು ಕಂಡರೆ ಅಂಗಡಿಯಿಂದ ಅಂಟಿನ ಡಬ್ಬಿ ತಂದು ಸುರಿಯಬೇಡಿ. ತಂತಿಗಳನ್ನು ಕೊಂಚ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಪಿಟೀಲಾದರೆ ಒಳಗಿನ ಗೂಟ ಬಿದ್ದೀತು. ಉದುರಿದ ಚೂರೊಂದಿದ್ದರೆ, ಎಷ್ಟೇ ಸಣ್ಣದಾಗಿರಲಿ, ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ. ವಾದ್ಯವನ್ನು ಬಿಸಿಲಿನಿಂದ, ಮುಚ್ಚಿದ ಕಾರಿನ ಬಿಸಿಯಿಂದ ದೂರವಿಡಿ. ಬಲ್ಲವರ ಬಳಿಗೆ ಒಯ್ದಾಗ ಬಿರುಕು ಯಾವಾಗ, ಹೇಗೆ ಕಾಣಿಸಿತೆಂದು ತಿಳಿಸಿ. ಅವರು ಏನು ಮಾಡಿದರೆಂದು ಕೇಳಿ ಒಂದು ಚೀಟಿಯಲ್ಲಿ ಇಸವಿ ಸಮೇತ ಬರೆದು ಪೆಟ್ಟಿಗೆಯಲ್ಲಿಡಿ. ನಿಮ್ಮ ಮೊಮ್ಮಕ್ಕಳ ಕಾಲದ ದುರಸ್ತಿಗಾರನಿಗೆ ಆ ಚೀಟಿ ದೊಡ್ಡ ಉಪಕಾರವಾಗುತ್ತದೆ.

ನಾಳೆ ನಿಮ್ಮಲ್ಲಿ ಒಬ್ಬರು ಎಂಜಿನಿಯರ್ ಆಗಬಹುದು, ಒಬ್ಬರು ಶಸ್ತ್ರಚಿಕಿತ್ಸಕರಾಗಬಹುದು, ಇನ್ನೊಬ್ಬರು ಹಳೆಯ ತಾಳೆಗರಿಗಳನ್ನು ಕಾಪಾಡುವ ಕೆಲಸಕ್ಕೆ ಹೋಗಬಹುದು. ಕೈಗೆ ಏನೇ ಬರಲಿ, ಸರಿಪಡಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಕೆಟ್ಟದ್ದು ಏಕೆ? ನಾನು ಮಾಡುವ ಕೆಲಸವನ್ನು ನನ್ನ ನಂತರ ಬರುವವರು ಬಿಚ್ಚಿ ನೋಡಬಹುದೇ? ಬೇಸಿನ ದುರಸ್ತಿಗಾರ ಅಂಚಿಗೆ ಹಚ್ಚುವ ತೆಳುವಾದ ಅಂಟಿನಲ್ಲಿ ಈ ಎರಡು ಪ್ರಶ್ನೆಗಳಿಗೂ ಉತ್ತರವಿದೆ.